ಹಳಬನ ಹಲ್ಲು

ನಮ್ಮದು ನಾಲ್ಕು ತಲೆಮಾರಿನ ವಂಶ. ಇದು ನಾವು ಕೊಚ್ಚಿಕೊಂಡ ಮಾತಲ್ಲ, ಆಸ್ಪತ್ರೆಯ ಕಾಗದದಲ್ಲಿರುವ ಮಾತು. "ಶವಾಗಾರದ ಸಹಾಯಕನ ಹುದ್ದೆಯನ್ನೂ ಅದಕ್ಕೆ ಸೇರಿದ ವಸತಿಯನ್ನೂ ಮೊದಲ ಸಹಾಯಕನ ವಂಶಸ್ಥರಿಗೆ ಮಾತ್ರ ಕೊಡತಕ್ಕದ್ದು" ಎಂದು ಹಳೆಯ ಆದೇಶವೊಂದಿದೆ. ಬೇರೆ ಯಾರೂ ಈ ಕೆಲಸಕ್ಕೆ ಬರುತ್ತಿರಲಿಲ್ಲ, ಅದಕ್ಕೇ ಹಾಗೆ ಬರೆದರು. ಓದಿದರೆ ಮಾತ್ರ ಯಾವುದೋ ಅರಮನೆಯ ಕಾಗದ ಅನ್ನಿಸುತ್ತದೆ. ನಮ್ಮ ಸಿಂಹಾಸನ ಒಂದು ಕಲ್ಲಿನ ಮೇಜು. ಮೇಜಿನ ನಡುವೆ ಒಂದು ತೂತು, ತೂತಿನ ಕೆಳಗೆ ಒಂದು ಬಕೆಟ್.

ಆ ಮೇಜಿನ ಮೇಲೆ ನಾನು ಇಪ್ಪತ್ತೊಂದು ವರ್ಷದಿಂದ ಹೆಣ ಕೊಯ್ಯುತ್ತಿದ್ದೇನೆ, ಹೊಲಿಯುತ್ತಿದ್ದೇನೆ. ಕೊಯ್ಯುವುದು ಡಾಕ್ಟರು ಎಂದು ಹೊರಗಿನವರು ತಿಳಿದುಕೊಂಡಿದ್ದಾರೆ. ವರದಿಯಲ್ಲೂ "ನಾನು ಸ್ವತಃ ಪರೀಕ್ಷಿಸಿದ್ದೇನೆ" ಎಂದೇ ಇರುತ್ತದೆ. ನಮ್ಮ ಡಾಕ್ಟರು ಸ್ವತಃ ಬಾಗಿಲಲ್ಲಿ ನಿಲ್ಲುತ್ತಾರೆ. ಮೂಗಿಗೆ ಬಿಳಿ ಕರವಸ್ತ್ರ ಹಿಡಿದಿರುತ್ತಾರೆ. ಹೊಸ್ತಿಲು ದಾಟುವುದಿಲ್ಲ. ಅವರಿಗೆ ನಮ್ಮ ಮನೆಯಲ್ಲಿ ಇಟ್ಟ ಹೆಸರೇ ಕರವಸ್ತ್ರ. ಅಲ್ಲಿಂದಲೇ ಹೃದಯ ಹೇಗಿದೆ ಎಂದು ಕೇಳುತ್ತಾರೆ, ಶ್ವಾಸಕೋಶ ಹೇಗಿದೆ ಎಂದು ಕೇಳುತ್ತಾರೆ. ನಾನು ಎರಡು ಕೈಯಲ್ಲಿ ಎತ್ತಿ ತೋರಿಸುತ್ತೇನೆ. ಅವರು ಕತ್ತು ಪಕ್ಕಕ್ಕೆ ತಿರುಗಿಸಿ ಬರೆದುಕೊಳ್ಳುತ್ತಾರೆ. ಕಣ್ಣಿಂದ ನೋಡದೆ ಅಷ್ಟೊಂದು ವಿವರ ಬರೆಯುವುದು ದೊಡ್ಡ ವಿದ್ಯೆಯೇ ಸರಿ.

ತಲೆಬುರುಡೆ ಬಿಚ್ಚುವುದು ಕಷ್ಟ. ನೆತ್ತಿಯ ಚರ್ಮ ಹಿಂದಕ್ಕೆ ಎಳೆದು, ಗರಗಸ ಹಿಡಿದು ಸುತ್ತ ಕೊಯ್ಯಬೇಕು. ಮೂಳೆಯ ಪುಡಿ ಹಾರಿ ಹಲ್ಲಿನ ಸಂದಿಗೆ ಸೇರುತ್ತದೆ. ಆಮೇಲೆ ಉಳಿ ಇಟ್ಟು ತಿರುವಬೇಕು. ನನ್ನ ಬಲಗೈ ಹೆಬ್ಬೆರಳು ಈಗ ಮಡಚುವುದಿಲ್ಲ. ಗುಂಡಿ ಹಾಕಿಕೊಳ್ಳಲು ಎಡಗೈಯೇ ಗತಿ. ಕ್ಯಾಂಟೀನಿನವನು ಟೀ ಲೋಟವನ್ನು ನನ್ನ ಕೈಗೆ ಕೊಡುವುದಿಲ್ಲ, ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಾನೆ. ಸೋಪು ಹಾಕಿ ಮೂರು ಸಲ ತೊಳೆದ ಕೈ ಅದು. ಅವನು ತನ್ನ ಕೈ ತೊಳೆದದ್ದನ್ನು ನಾನು ನೋಡಿಯೇ ಇಲ್ಲ.

ಹತ್ತು ವರ್ಷದ ಹಿಂದೆ ವಾರ್ಡಿನಲ್ಲಿ ಆಯಾ ಕೆಲಸ ಖಾಲಿಯಿತ್ತು. ಅರ್ಜಿ ಹಾಕಿದೆ. ಹೆಡ್ ಕ್ಲರ್ಕ್ ಓದದೆಯೇ ವಾಪಸ್ ತಳ್ಳಿದರು.

"ನಿಮಗೆ ನಿಮ್ಮ ವಂಶದ ಕೆಲಸ ಇದೆಯಲ್ಲಮ್ಮ. ಬದುಕಿರೋರನ್ನ ಮುಟ್ಟೋಕೆ ಬೇರೆಯವರಿದ್ದಾರೆ."

ವಂಶದ ಕೆಲಸ ಕರವಸ್ತ್ರಕ್ಕೂ ಇದೆ. ಅವರಪ್ಪ ಈ ಆಸ್ಪತ್ರೆಯ ದೊಡ್ಡ ಡಾಕ್ಟರು. ದೊಡ್ಡ ಡಾಕ್ಟರ ಅಪ್ಪನೂ ಇಲ್ಲಿಯೇ ದೊಡ್ಡ ಡಾಕ್ಟರಾಗಿದ್ದರು. ಮೂರು ತಲೆಮಾರು ಅದೇ ಬಾಗಿಲಲ್ಲಿ, ಅದೇ ಥರ ಮೂಗು ಮುಚ್ಚಿಕೊಂಡು ನಿಂತು ಹೊಸ್ತಿಲು ಸವೆದಿದೆ. ಅವರನ್ನು ಯಾರೂ ವಂಶದ ಸಾಕ್ಷಿ ಕೇಳಲಿಲ್ಲ.

ನಮ್ಮನ್ನು ಕೇಳಿದರು. ಅದನ್ನೇ ಹೇಳಲು ಹೊರಟಿದ್ದು.

ನಮ್ಮ ಮನೆ ಶವಾಗಾರದ ಬೆನ್ನಿಗಿದೆ. ಎರಡು ಕೋಣೆ, ಒಂದು ಅಡುಗೆಮನೆ. ಒಂದು ಗೋಡೆ ಹೆಣ ಇಡುವ ತಣ್ಣನೆಯ ಕೋಣೆಗೂ ನಮಗೂ ಒಂದೇ. ಬೇಸಿಗೆಯಲ್ಲಿ ಎಲ್ಲರೂ ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇವೆ. ಎಲ್ಲರೂ ಎಂದರೆ ಐದು ಜನ. ಎಂಬತ್ತು ದಾಟಿದ ಅಜ್ಜಿ, ನನಗಿಂತ ಮೊದಲು ಇಲ್ಲಿ ಹೊಲಿಗೆ ಹಾಕುತ್ತಿದ್ದವಳು ಅವಳೇ. ದೊಡ್ಡಪ್ಪ, ನಲವತ್ತು ವರ್ಷ ಹೆಣದ ಕಾಲಿಗೆ ಕಟ್ಟುವ ಚೀಟಿ ಬರೆದವನು. ಅತ್ತೆ, ಶವಾಗಾರದ ಬಟ್ಟೆ ಒಗೆಯುವವಳು. ತಮ್ಮ, ಶವದ ಗಾಡಿ ಓಡಿಸುವವನು. ಮತ್ತೆ ನಾನು. ಅಪ್ಪ ಹೋಗಿ ಆರು ವರ್ಷವಾಯಿತು. ಅಮ್ಮ ತಮ್ಮನನ್ನು ಹೆತ್ತಾಗಲೇ ಹೋದಳು ಎಂದು ಅಪ್ಪ ಹೇಳುತ್ತಿದ್ದ.

ದೊಡ್ಡಪ್ಪನ ಚೀಟಿಯ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಹೆಸರು, ವಯಸ್ಸು, ತಾರೀಖು. ಕೊನೆಯ ಸಾಲಿನಲ್ಲಿ "ವಾರಸುದಾರರು: ಇದ್ದಾರೆ / ಇಲ್ಲ." ಎರಡರಲ್ಲಿ ಒಂದನ್ನು ಹೊಡೆದುಹಾಕಬೇಕು. ಇದ್ದಾರೆ ಎಂದಿದ್ದರೆ ಹೆಣವನ್ನು ಮನೆಯವರಿಗೇ ಒಪ್ಪಿಸಬೇಕು, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಇಲ್ಲ ಎಂದಿದ್ದರೆ ಮೂರು ದಿನ ಕಳೆದ ಮೇಲೆ ಅದು ಆಸ್ಪತ್ರೆಯ ಸ್ವತ್ತು.

ನಮ್ಮ ವಂಶದ ಮೊದಲಿಗ, ಆದೇಶದಲ್ಲಿರುವ ಆ ಮೊದಲ ಸಹಾಯಕ, ಹೀಗೆಯೇ ಆಸ್ಪತ್ರೆಯ ಸ್ವತ್ತಾದವನು. ಅವನನ್ನು ನಾವು ಹಳಬ ಎನ್ನುತ್ತೇವೆ. ಅವನು ಸತ್ತ ಕಾಲಕ್ಕೆ ಕಾಲೇಜಿನ ಹುಡುಗರಿಗೆ ಪಾಠ ಹೇಳಲು ಅಸ್ಥಿಪಂಜರ ಬೇಕಾಗಿತ್ತು. ಆಗಿನ ದೊಡ್ಡ ಡಾಕ್ಟರು ಚೀಟಿಯಲ್ಲಿ "ಇಲ್ಲ" ಎಂದು ಉಳಿಸಿದರು. ಹಳಬನ ಮಗ, ಅಂದರೆ ನನ್ನ ತಾತ, ಎದುರಿಗೇ ನಿಂತಿದ್ದನಂತೆ. ಅಂದಿನಿಂದ ಹಳಬ ಪಾಠದ ಕೋಣೆಯಲ್ಲಿ ಕೊಕ್ಕೆಗೆ ನೇತಾಡುತ್ತಿದ್ದಾನೆ. ಹುಡುಗರು ತಲೆಗೆ ಟೋಪಿ ಹಾಕಿ, ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಹೆಣಕ್ಕೆ ವಾರಸುದಾರರಿರಲಿಲ್ಲ. ಮರುದಿನ ಬೆಳಿಗ್ಗೆ ಗರಗಸ ಹಿಡಿಯಲು ಮಾತ್ರ ವಂಶಸ್ಥ ಸಿಕ್ಕಿದ.

ಈಗ ನಮ್ಮ ಮನೆ ಇರುವ ಜಾಗದಲ್ಲಿ ಡಾಕ್ಟರುಗಳ ಕಾರು ನಿಲ್ಲಿಸುವ ಎರಡು ಮಹಡಿ ಕಟ್ಟಡ ಬರಬೇಕಂತೆ. ಕಾರುಗಳು ಬಿಸಿಲಲ್ಲಿ ನಿಂತು ಬಹಳ ನೊಂದಿದ್ದವು. ಹಳೆಯ ಆದೇಶ ಮಾತ್ರ ಅಡ್ಡ ಬಂತು. ದೊಡ್ಡ ಡಾಕ್ಟರು ನನ್ನನ್ನು ಕರೆಸಿ, ಮೆತ್ತಗಿನ ದನಿಯಲ್ಲಿ, ನೀವು ಆ ಮೊದಲ ಸಹಾಯಕನ ವಂಶದವರೇ ಅನ್ನುವುದಕ್ಕೆ ಸಾಕ್ಷಿ ಏನು ಎಂದರು. ನನಗೆ ರೇಗಿಹೋಯಿತು. ನನ್ನ ಮೂಗು ನೋಡಿ, ದೊಡ್ಡಪ್ಪನ ಮೂಗು ನೋಡಿ, ಅತ್ತೆಯ ಕಿವಿ ನನ್ನ ತಮ್ಮನ ಕಿವಿ ನೋಡಿ ಎಂದೆ. ಅವರು ನಕ್ಕರು.

"ನಿಮ್ಮ ಹೊಸ ಲ್ಯಾಬ್ ಇದೆಯಲ್ಲ ಸಾರ್, ಅದ್ರಲ್ಲಿ ಹಾಕಿ ನೋಡಿ. ಐದು ಜನಾನೂ ಬರ್ತೀವಿ."

ಹೌದು, ಹೀಗೆ ಹೇಳಿದ್ದು ನಾನೇ. ಬಾವಿ ತೋಡಿದ್ದೂ ನಾನೇ, ಹಾರಿದ್ದೂ ನಾನೇ. ಮನೆಗೆ ಬಂದು ಎದೆಯುಬ್ಬಿಸಿ ಹೇಳಿಕೊಂಡೆ. ಅವರ ಮುಖಕ್ಕೆ ಹೊಡೆದ ಹಾಗೆ ರಿಪೋರ್ಟ್ ಬರುತ್ತದೆ ನೋಡುತ್ತಿರಿ ಎಂದೆ. ಅಜ್ಜಿ ಗೋಡೆಗೆ ಒರಗಿದ್ದವಳು ನೆಟ್ಟಗೆ ಕುಳಿತು ಬೇಡ ಎಂದಳು. ಯಾಕೆ ಎಂದು ಕೇಳಿದರೆ ಮತ್ತೆ ಬೇಡ ಎಂದಳು. ವಯಸ್ಸಾದವರಿಗೆ ಸೂಜಿ ಕಂಡರೆ ಭಯ ಎಂದುಕೊಂಡು ನಾನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಸೂಜಿ ಇರಲೇ ಇಲ್ಲ. ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆಯ ಒಳಗೆ ಉಜ್ಜಿದರೆ ಸಾಕಂತೆ. ಲ್ಯಾಬಿನ ಮೇಡಂ ಚಿಕ್ಕ ವಯಸ್ಸಿನವರು, ಒಳ್ಳೆಯವರು. ನಮ್ಮನ್ನು ಕುರ್ಚಿಯಲ್ಲಿ ಕೂರಿಸಿಯೇ ಮಾತಾಡಿದರು. ಒಬ್ಬರನ್ನು ಪರೀಕ್ಷಿಸಿದರೆ ಹೆಚ್ಚೇನೂ ತಿಳಿಯುವುದಿಲ್ಲ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಹೀಗೆ ಹಲವರನ್ನು ಒಟ್ಟಿಗೆ ನೋಡಿದರೆ ಯಾರಿಂದ ಯಾರಿಗೆ ಏನು ಬಂದಿದೆ ಎಂದು ಎಳೆ ಹಿಡಿದು ಹೇಳಬಹುದು ಎಂದು ವಿವರಿಸಿದರು. ಒಬ್ಬರದು ಇನ್ನೊಬ್ಬರದರ ಜೊತೆ ಬೆರೆಯಬಾರದು, ಹೆಸರಿನ ಚೀಟಿ ಬಹಳ ಮುಖ್ಯ ಎಂದು ಹೇಳಿ ಒಳಗೆ ಹೋದರು.

ಚೀಟಿ ಅಂದದ್ದೇ ತಡ, ದೊಡ್ಡಪ್ಪ ಜೇಬಿನಿಂದ ಐದು ಚೀಟಿ ತೆಗೆದ. ನಲವತ್ತು ವರ್ಷದ ಅಭ್ಯಾಸ. ಮುದ್ದಾದ ಅಕ್ಷರದಲ್ಲಿ ಹೆಸರು, ವಯಸ್ಸು, ತಾರೀಖು ತುಂಬಿದ. ಐದರಲ್ಲೂ "ಇಲ್ಲ" ಹೊಡೆದುಹಾಕಿ "ಇದ್ದಾರೆ" ಉಳಿಸಿದ. ಚಪ್ಪಲಿ ಬಿಡಿ ಎಂದ. ನಾವೂ ಬಿಟ್ಟೆವು, ಅದು ತಪ್ಪು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಮೇಡಂ ತಟ್ಟೆ ಹಿಡಿದು ಹೊರಗೆ ಬಂದಾಗ ನಾವು ಐದೂ ಜನ ಕಾಲಿನ ಹೆಬ್ಬೆರಳಿಗೆ ಚೀಟಿ ಕಟ್ಟಿಕೊಂಡು ಸಾಲಾಗಿ ಕುಳಿತಿದ್ದೆವು. ಅವರು ತಟ್ಟೆ ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟರು.

"ಇನ್ನೂ ಬದುಕಿದ್ದೀವಿ ಮೇಡಂ," ಎಂದಳು ಅತ್ತೆ. "ಅಭ್ಯಾಸ, ಬೇಜಾರು ಮಾಡ್ಕೋಬೇಡಿ."

ಹಳಬನ ಕಡೆಯಿಂದ ಒಂದು ಹಲ್ಲು ತೆಗೆದರು. ಹಿಂದಿನ ದವಡೆಯದು. ಸತ್ತಮೇಲೂ ಅವನಿಗೆ ಆಸ್ಪತ್ರೆಯ ಕೆಲಸ ತಪ್ಪಲಿಲ್ಲ.

ಮೂರು ವಾರವಾದ ಮೇಲೆ ಕರೆ ಬಂತು. ನಾನೂ ದೊಡ್ಡಪ್ಪನೂ ಹೋದೆವು. ದೊಡ್ಡ ಡಾಕ್ಟರು ಓದಿದರು. ಓದುವಾಗ ನಗಲಿಲ್ಲ, ದೊಡ್ಡ ಮನುಷ್ಯರು ಗೆದ್ದಾಗ ನಗುವುದಿಲ್ಲ. ಐದು ಜನರಲ್ಲಿ ಯಾರಿಗೂ ಆ ಹಲ್ಲಿನ ಜೊತೆ ರಕ್ತಸಂಬಂಧವಿಲ್ಲ. ಅಷ್ಟೇ ಅಲ್ಲ, ಐದು ಜನರಲ್ಲಿ ಯಾರಿಗೂ ಯಾರ ಜೊತೆಗೂ ಇಲ್ಲ. ಅಜ್ಜಿ ದೊಡ್ಡಪ್ಪನ ತಾಯಿಯಲ್ಲ. ಅತ್ತೆ ದೊಡ್ಡಪ್ಪನ ತಂಗಿಯಲ್ಲ. ನಾನು ನನ್ನ ತಮ್ಮನಿಗೆ ಏನೂ ಅಲ್ಲ. ಮೇಡಂ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತು, ಎರಡೆರಡು ಸಲ ಮಾಡಿ ನೋಡಿದೆ ಎಂದರು.

ಕರವಸ್ತ್ರ ಕಾಗದ ಕೊಟ್ಟರು. ವಂಶಸ್ಥರಲ್ಲವೆಂದು ಸಾಬೀತಾಗಿರುವುದರಿಂದ ಹದಿನೈದು ದಿನದಲ್ಲಿ ಮನೆ ಖಾಲಿ ಮಾಡತಕ್ಕದ್ದು. ಕೊನೆಯಲ್ಲಿ ಇನ್ನೊಂದು ಸಾಲು: ಕೆಲಸದಲ್ಲಿ ಎಂದಿನಂತೆ ಮುಂದುವರಿಯತಕ್ಕದ್ದು.

ನಾನು ದೊಡ್ಡಪ್ಪನ ಮೂಗು ನೋಡಿದೆ. ನಲವತ್ತು ವರ್ಷ ನನ್ನ ಮೂಗಿನ ಹಾಗಿದ್ದ ಮೂಗು ಆ ಕ್ಷಣಕ್ಕೆ ಯಾರದೋ ಮೂಗಾಗಿ ಕಂಡಿತು. ಅಷ್ಟು ಕೋಪ ನನಗೆ ಯಾವತ್ತೂ ಬಂದಿರಲಿಲ್ಲ. ಆ ಕೋಪ ದೊಡ್ಡ ಡಾಕ್ಟರ ಮೇಲಲ್ಲ, ಅಜ್ಜಿಯ ಮೇಲೆ. ಮನೆಗೆ ಬಂದವಳೇ ಕಾಗದವನ್ನು ಅವಳ ಮಡಿಲಿಗೆ ಎಸೆದೆ.

"ಏನಿದು? ನಾವೆಲ್ಲ ಯಾರು ಹಾಗಾದ್ರೆ?"

ಅಜ್ಜಿಗೆ ಓದಲು ಬರುವುದಿಲ್ಲ. ಆದರೂ ಕಾಗದವನ್ನು ಅಂಗೈಯಿಂದ ಒತ್ತಿ ಒತ್ತಿ ನೇರ ಮಾಡಿದಳು.

"ಹೆಣ ಕೊಯ್ಯೋನಿಗೆ ಯಾರೇ ಹೆಣ್ಣು ಕೊಡ್ತಾರೆ?" ಎಂದಳು. "ಕೊಯ್ಯೋಳನ್ನ ಯಾರೇ ಕಟ್ಕೋತಾರೆ? ಈ ಮನೇಲಿ ಯಾರೂ ಹುಟ್ಟಿಲ್ಲ. ಎಲ್ಲಾ ಬಂದೋರೇ."

ಆಮೇಲೆ ಒಬ್ಬೊಬ್ಬರದೇ ಹೇಳಿದಳು. ಅವಳು ಹದಿನಾರು ವರ್ಷದವಳಿದ್ದಾಗ ತನ್ನ ತಾಯಿಯ ಹೆಣ ಕೇಳಿಕೊಂಡು ಬಂದವಳು. ಹೆಣ ಸಿಕ್ಕಿತು, ವಾಪಸ್ ಹೋಗಲು ಮನೆ ಇರಲಿಲ್ಲ. ತಾತನಿಗೂ ಹಳಬನಿಗೂ ಸಂಬಂಧವಿರಲಿಲ್ಲ, ತಾತ ಹೆರಿಗೆ ಕೋಣೆಯಲ್ಲಿ ಯಾರೂ ಕೇಳದೆ ಉಳಿದ ಕೂಸು. ದೊಡ್ಡಪ್ಪನೂ ಹಾಗೆಯೇ. ಅಪ್ಪನನ್ನು ಗೇಟಿನ ಹತ್ತಿರ ಯಾರೋ ಬಿಟ್ಟುಹೋಗಿದ್ದರು. ಅತ್ತೆಯನ್ನು ಕೂಸಾಗಿದ್ದಾಗ, ಮೈಯೆಲ್ಲ ಸುಟ್ಟಿದೆ, ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಶವಾಗಾರಕ್ಕೆ ಕಳಿಸಿದ್ದರು. ಕಾಲಿಗೆ ಚೀಟಿ ಕಟ್ಟಲು ಹೋದಾಗ ಕೂಸು ಕಾಲು ಎಳೆದುಕೊಂಡಿತು. ತಮ್ಮನದು ಬೇರೆ ಕಥೆ. ಹೇಳುತ್ತ ಹೇಳುತ್ತ ಅಜ್ಜಿ ನನ್ನ ಕಥೆಗೆ ಬಂದು ನಿಂತಳು.

ನನ್ನ ಅಮ್ಮ ಲಾರಿಗೆ ಸಿಕ್ಕಿ ಸತ್ತವಳು. ನಾನು ಕೈ ಮುರಿದುಕೊಂಡು ಮೂರನೆಯ ಮಹಡಿಯ ವಾರ್ಡಿನಲ್ಲಿದ್ದೆ. ಎರಡು ವರ್ಷ ವಯಸ್ಸು. ತಿಂಗಳು ಕಾದರು. ಯಾರೂ ಬರಲಿಲ್ಲ.

"ನಿನ್ನಮ್ಮನ್ನ ಹೊಲಿದೋಳು ನಾನೇ. ನಲವತ್ತೆರಡು ಹೊಲಿಗೆ. ಚೆನ್ನಾಗಿ ಹೊಲಿದೆ ಕಣೇ, ಮಗು ನೋಡಿದ್ರೂ ಹೆದರಬಾರದು ಅಂತ."

ನಾನು ಅತ್ತುಬಿಟ್ಟೆ. ನಾಚಿಕೆ ಬಿಟ್ಟು ಅತ್ತೆ. ಎಷ್ಟೋ ಜನರ ಅಮ್ಮಂದಿರನ್ನು ಹೊಲಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ತಮ್ಮ ಟೀ ತಂದು ನನ್ನ ಕೈಗೇ ಕೊಟ್ಟ. ಯಾರಿಗೂ ಏನೂ ಅಲ್ಲದ ಐದು ಜನ ಒಂದೇ ಗೋಡೆಗೆ ಬೆನ್ನು ಕೊಟ್ಟು ಟೀ ಕುಡಿದೆವು.

ದೊಡ್ಡಪ್ಪ ಮಾತ್ರ ಕನ್ನಡಕ ಹಾಕಿಕೊಂಡು ಎರಡು ಕಾಗದಗಳನ್ನು, ಹಳೆಯ ಆದೇಶವನ್ನೂ ಹೊಸ ನೋಟೀಸನ್ನೂ, ಪಕ್ಕಪಕ್ಕ ಇಟ್ಟುಕೊಂಡು ಕುಳಿತಿದ್ದ. ನಮೂನೆ ತುಂಬಿ ತುಂಬಿ ಹಣ್ಣಾದ ತಲೆ ಅದು. ಬಹಳ ಹೊತ್ತಾದ ಮೇಲೆ ಬೆರಳಿಟ್ಟು ತೋರಿಸಿದ.

"ಹುದ್ದೆಯನ್ನೂ ವಸತಿಯನ್ನೂ ವಂಶಸ್ಥರಿಗೆ ಮಾತ್ರ. ಎರಡೂ ಒಂದೇ ಸಾಲಲ್ಲಿದೆ ನೋಡು. ಮನೆ ಇಲ್ಲ ಅಂದ್ರೆ ಹುದ್ದೆನೂ ಇಲ್ಲ. ನಾವು ಗರಗಸ ಹಿಡಿದ್ರೆ ಆದೇಶ ಮೀರಿದ ಹಾಗೆ."

ನಾವು ಕಾನೂನಿಗೆ ಹೆದರುವ ಜನ. ಆದೇಶ ಮೀರುವುದು ನಮಗೆ ಒಗ್ಗುವುದಿಲ್ಲ.

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಒಂದು ಹುಡುಗಿ ಇದ್ದಳು. ಹತ್ತೊಂಬತ್ತು ವರ್ಷ. ಕಟ್ಟಡದ ಕೆಲಸದಲ್ಲಿ ಗಾರೆ ಹೊರುವಾಗ ಮೇಲಿಂದ ಬಿದ್ದವಳು. ಉಗುರಿನ ಸಂದಿಯಲ್ಲಿ ಸಿಮೆಂಟು ಇನ್ನೂ ಇತ್ತು. ಹೊರಗೆ ಬೆಂಚಿನ ಮೇಲೆ ಅವಳ ತಾಯಿ ಕುಳಿತಿದ್ದಳು. ನಾನು ಗರಗಸ, ಉಳಿ, ದಬ್ಬಣ, ದಾರ ಎಲ್ಲವನ್ನೂ ತೊಳೆದು ಮೇಜಿನ ಪಕ್ಕ ಸಾಲಾಗಿ ಇಟ್ಟೆ. ಆಮೇಲೆ ಹೊರಗೆ ಬಂದು ಬಾಗಿಲಲ್ಲಿ, ಆ ಸವೆದ ಹೊಸ್ತಿಲಿನ ಮೇಲೆ ನಿಂತೆ. ಒಗೆದ ಕರವಸ್ತ್ರ ತಂದಿದ್ದೆ. ಮೂಗಿಗೆ ಹಿಡಿದೆ.

ಕರವಸ್ತ್ರ ಬಂದರು. ತಮ್ಮ ಜಾಗದಲ್ಲಿ ನನ್ನನ್ನು ಕಂಡು ಗಲಿಬಿಲಿಯಾದರು. ಶುರು ಮಾಡು ಎಂದರು.

"ನೀವೇ ಮಾಡಿ ಡಾಕ್ಟ್ರೇ. ನಾನು ಇಲ್ಲಿಂದ ಬರ್ಕೋತೀನಿ."

ಅವರು ಗದರಿಸಿದರು. ಕೆಲಸ ಕಳೆದುಕೊಳ್ಳುತ್ತೀಯ ಎಂದರು. ಕೆಲಸ ನಿನ್ನೆಯೇ ನಿಮ್ಮ ಕಾಗದದಲ್ಲಿ ಹೋಯಿತು ಎಂದು ದೊಡ್ಡಪ್ಪ ತೋರಿಸಿದ ಸಾಲನ್ನು ಓದಿ ಹೇಳಿದೆ. ಅವರು ಫೋನ್ ಮಾಡಿದರು. ಬೇರೆ ಆಸ್ಪತ್ರೆಯಿಂದ ಯಾರನ್ನಾದರೂ ಕಳಿಸಿ ಎಂದರು. ಯಾರೂ ಬರಲು ಒಪ್ಪಲಿಲ್ಲ. ಅಷ್ಟರಲ್ಲಿ ಬೆಂಚಿನಿಂದ ಆ ತಾಯಿ ಎದ್ದು ಬಂದು ನನ್ನನ್ನೇ ಕೇಳಿದಳು, ಮಗಳನ್ನು ಯಾವಾಗ ಕೊಡುತ್ತೀರಿ ಎಂದು.

ಈ ಹೆಂಗಸಿನ ದುಃಖದ ಮೇಲೆ ನಿಂತು ನಾನು ನನ್ನ ನ್ಯಾಯ ಕೇಳುತ್ತಿದ್ದೆ. ಅದು ನನಗೆ ಗೊತ್ತಿತ್ತು. ಒಳಗೆ ಓಡಿ ಗರಗಸ ಹಿಡಿಯೋಣ ಅನ್ನಿಸಿತು. ಕಾಲು ಕೂಡ ಎತ್ತಿದೆ. ಹಿಂದೆ ನಮ್ಮವರೆಲ್ಲ ಹೀಗೇ ಕಾಲು ಎತ್ತಿದ್ದಕ್ಕೆ ಹಳಬ ಕೊಕ್ಕೆಯಲ್ಲಿ ನೇತಾಡುತ್ತಿದ್ದಾನೆ ಎಂದು ನೆನಪಾಗಿ ನಿಂತೆ.

"ಕೊಯ್ಯೋದು ಡಾಕ್ಟರ ಕೆಲಸ ಕಣಮ್ಮ. ಇವತ್ತು ಅವರೇ ಮಾಡ್ತಾರೆ. ಹೊಲಿಗೆ ನಾನು ಹಾಕ್ತೀನಿ. ಆಸ್ಪತ್ರೆಗಲ್ಲ, ನಿಮಗೆ."

ಆ ತಾಯಿ ಕರವಸ್ತ್ರದ ಕಡೆ ತಿರುಗಿ ನೋಡಿದಳು. ಅವರು ಹೊಸ್ತಿಲು ದಾಟಿದರು. ಮೂರು ತಲೆಮಾರಿನಲ್ಲಿ ಮೊದಲ ಸಲ.

ಗರಗಸದ ಹಿಡಿ ಯಾವ ಕಡೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಬಾಗಿಲಿನಿಂದ ಹೇಳಿದೆ. ಎಡಕ್ಕೆ, ಇನ್ನೂ ಸ್ವಲ್ಪ, ಒತ್ತಬೇಡಿ, ಎಳೀರಿ. ಐದು ನಿಮಿಷದಲ್ಲಿ ಅಂಗಿ ಬೆನ್ನಿಗೆ ಅಂಟಿತು. ಒಂದು ಸಲ ಬಕೆಟ್ಟಿಗೆ ವಾಂತಿ ಮಾಡಿದರು. ಬಾಯಿ ಒರೆಸಿಕೊಳ್ಳಲು ಕರವಸ್ತ್ರ ಹುಡುಕಿದರು, ಕೈ ಖಾಲಿಯಿರಲಿಲ್ಲ. ಅಂದಿನ ವರದಿಯಲ್ಲಿ "ನಾನು ಸ್ವತಃ" ಎಂದು ಬರೆದರು. ಅವರು ಬರೆದ ಮೊದಲ ನಿಜ ಅದು. ನಾನು ಹುಡುಗಿಯನ್ನು ಹೊಲಿದೆ. ಕೂದಲು ಬಾಚಿ ಹೊಲಿಗೆ ಮುಚ್ಚಿದೆ. ಉಗುರಿನ ಸಿಮೆಂಟು ತೆಗೆದೆ. ತಾಯಿ ಬಂದು ಮುಖ ಮುಟ್ಟಿದಳು, ಹೆದರಲಿಲ್ಲ.

ಹೀಗೆ ಹದಿಮೂರು ದಿನ ನಡೆಯಿತು. ಕರವಸ್ತ್ರದ ಹೆಬ್ಬೆರಳು ಊದಿಕೊಂಡಿತು. ಹದಿನಾಲ್ಕನೆಯ ದಿನ ಮಧ್ಯಾಹ್ನ ದೊಡ್ಡ ಡಾಕ್ಟರು ನಮ್ಮ ಮನೆಗೆ ಬಂದರು. ಇಷ್ಟು ವರ್ಷದಲ್ಲಿ ಒಬ್ಬ ಡಾಕ್ಟರೂ ಬಂದಿರದ ಮನೆ. ಬಾಗಿಲ ಹೊರಗೇ ನಿಂತರು. ಯಂತ್ರದಲ್ಲಿ ಏನೋ ತಪ್ಪಾಗಿರಬಹುದು ಎಂದರು. ವಿಜ್ಞಾನಕ್ಕೂ ಒಮ್ಮೊಮ್ಮೆ ಮನಸ್ಸು ಕರಗುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು.

"ಇನ್ನೊಂದು ಸಲ ಸ್ಯಾಂಪಲ್ ಕೊಡಿ. ಈ ಸಲ ಹೊಂದಿಕೆಯಾಗುತ್ತೆ, ನಾನು ನೋಡ್ಕೋತೀನಿ. ನೀವು ವಂಶಸ್ಥರು ಅಂತಾದ್ರೆ ಮನೆನೂ ಇರುತ್ತೆ, ಕೆಲಸನೂ ಇರುತ್ತೆ."

ನಮ್ಮ ಮಕ್ಕಳ ಮಕ್ಕಳಿಗೂ ಇದೇ ಗರಗಸ ಇರುತ್ತದೆ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಅತ್ತೆ ನನ್ನ ಮುಖ ನೋಡಿದಳು. ಹೂಂ ಎಂದರೆ ಮನೆ ಉಳಿಯುತ್ತಿತ್ತು. ಅಜ್ಜಿ ಒಳಗಿನಿಂದಲೇ, ಮೊದಲನೆಯ ಪರೀಕ್ಷೆ ಸರಿಯಾಗಿಯೇ ಇದೆ, ಲ್ಯಾಬಿನ ಆ ಹುಡುಗಿಯ ಕೆಲಸಕ್ಕೆ ಮಸಿ ಬಳಿಯಬೇಡಿ ಎಂದಳು.

"ಬೇಡ ಸಾರ್," ಎಂದೆ ನಾನು. "ನಾವು ಸಂಬಂಧಿಕರಲ್ಲ. ಹಾಗೇ ಇರ್ತೀವಿ. ಇದೇ ಮನೇಲಿ ಇರ್ತೀವಿ. ವಾರ್ಡಿನ ಕೆಲಸ ಖಾಲಿ ಇದ್ರೆ ಹೇಳಿ, ಎಲ್ಲರ ಹಾಗೆ ಅರ್ಜಿ ಹಾಕ್ತೀನಿ."

ಅವರ ಮೆತ್ತಗಿನ ದನಿ ಒಡೆಯಿತು. ವಂಶವಿಲ್ಲ, ರಕ್ತವಿಲ್ಲ, ಇವತ್ತು ಈ ಮನೆಗೆ ವಾರಸುದಾರರು ಯಾರು, ನಾಳೆ ಬೆಳಿಗ್ಗೆ ಬೀಗ ಹಾಕಿಸುತ್ತೇನೆ ಎಂದರು.

ದೊಡ್ಡಪ್ಪ ಎದ್ದ. ಜೇಬಿನಿಂದ ಒಂದು ಚೀಟಿ ತೆಗೆದು, ಗೋಡೆಗೆ ಒತ್ತಿ ಹಿಡಿದು, ಆತುರವಿಲ್ಲದೆ ತುಂಬಿದ. ಬಾಗಿಲ ಚಿಲಕಕ್ಕೆ ಗಟ್ಟಿಯಾಗಿ ಎರಡು ಗಂಟು ಹಾಕಿ ಕಟ್ಟಿದ. ದೊಡ್ಡ ಡಾಕ್ಟರು ಬಗ್ಗಿ ಓದಿದರು. ಓದುತ್ತ ಓದುತ್ತ ಅವರ ಕೈ ಅಭ್ಯಾಸಬಲದಿಂದ ಕರವಸ್ತ್ರಕ್ಕಾಗಿ ಜೇಬಿಗೆ ಹೋಯಿತು.

ಹೆಸರಿನ ಜಾಗದಲ್ಲಿ "ಮನೆ" ಎಂದಿತ್ತು. ವಯಸ್ಸಿನ ಜಾಗದಲ್ಲಿ "ನಾಲ್ಕು ತಲೆಮಾರು." ಕೊನೆಯ ಸಾಲಿನಲ್ಲಿ "ಇಲ್ಲ" ಎಂಬುದನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿದ್ದ.

ವಾರಸುದಾರರು: ಇದ್ದಾರೆ.